ಒರಳು ಕೇಳಿದ ಬಿಲ್ಲೆ

ಪ್ರಯೋಗಾಲಯದಲ್ಲಿ ವಾರಿಜಾ ಮೇಡಂ ಮ್ಯಾಂಗನೀಸ್ ಆಕ್ಸೈಡನ್ನು ಎರಡು ಸಮಪಾಲು ಮಾಡಿದರು. ಒಂದನ್ನು ಒತ್ತಿ ಬಿಲ್ಲೆ ಮಾಡಿದರು. ಇನ್ನೊಂದನ್ನು ಒರಳಲ್ಲಿ ಧೂಳಿಗಿಂತ ನುಣ್ಣಗೆ ಅರೆದು ತಗಡಿಗೆ ಬಳಿದರು.

"ಹೆಚ್ಚು ವಿದ್ಯುತ್ತು ಹಿಡಿದು ಗೆದ್ದದ್ದು ಬ್ಯಾಟರಿಗೆ, ಸೋತದ್ದು ಕಸದ ಬುಟ್ಟಿಗೆ," ಎಂದರು.

"ನಾನು ಕಲ್ಲಿನಂತೆ ಗಟ್ಟಿ. ನಿನ್ನ ಮೈಯೆಲ್ಲ ಬರೀ ಸಂದು," ಎಂದು ಬಿಲ್ಲೆ ಪುಡಿಯನ್ನು ಹಂಗಿಸಿತು.

"ವಿದ್ಯುತ್ತು ಬರಲಿ, ಆಮೇಲೆ ಮಾತಾಡೋಣ," ಎಂದಿತು ಪುಡಿ.

ಮೇಡಂ ಎರಡಕ್ಕೂ ವಿದ್ಯುತ್ತು ತುಂಬಿಸಿ ಪುಟ್ಟ ದೀಪ ಜೋಡಿಸಿದರು. ಬಿಲ್ಲೆಯ ದೀಪ ಮಿಣುಕಿ ಆರಿತು. ಪುಡಿಯದು, ಅವರು ಚಹಾ ಕುಡಿದು ಬಂದರೂ ಉರಿಯುತ್ತಲೇ ಇತ್ತು.

"ಅಷ್ಟೊಂದು ವಿದ್ಯುತ್ತನ್ನು ಎಲ್ಲಿಟ್ಟುಕೊಂಡೆ?" ಎಂದಿತು ಬಿಲ್ಲೆ.

"ನೀನು ಹಂಗಿಸಿದ ಸಂದುಗಳಲ್ಲೇ. ನಿನ್ನೊಳಗೆ ಹೋಗಲು ಅದಕ್ಕೆ ದಾರಿಯೇ ಇರಲಿಲ್ಲ."

ಮೇಡಂ ಬಿಲ್ಲೆಯನ್ನು ಬುಟ್ಟಿಯತ್ತ ಒಯ್ದರು.

"ತಡೀರಿ ಮೇಡಂ," ಎಂದಿತು ಬಿಲ್ಲೆ, "ಮೊದಲು ಆ ಒರಳು ತನ್ನಿ."