ಗುರುತು ಬೀಳದ ಕಾರು

ಸೊಂಡೂರು ಕಡೆ ಕೆಂಪುಮಣ್ಣಿನ ಒಂದು ಹಳ್ಳಿ. ಅಲ್ಲಿ ಓಬಳೇಶ ಅಂತ ಒಬ್ಬ ಡ್ರೈವರ್ ಇದ್ದ. ಅವನ ಹತ್ತಿರ ಒಂದು ಬಿಳಿ ಕಾರಿತ್ತು. ಅದಕ್ಕೆ ಹಂಸ ಅಂತ ಹೆಸರಿಟ್ಟಿದ್ದ. ಊರ ಜನರನ್ನು ಪೇಟೆಗೆ ಕರೆದುಕೊಂಡು ಹೋಗಿ ವಾಪಸ್ ತಂದು ಬಿಡೋದು ಅವನ ಕೆಲಸ.

ಹಂಸನಿಗೆ ಅವನು ಮಾಡುತ್ತಿದ್ದ ಸೇವೆ ಅಷ್ಟಿಷ್ಟಲ್ಲ. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ ದೃಷ್ಟಿ ತಾಗಬಾರದು ಅಂತ ಒಂದು ಹಳೇ ಚಪ್ಪಲಿ. ಅಮಾವಾಸ್ಯೆಗೊಂದು ಬೂದುಗುಂಬಳ. ಮೈಯನ್ನು ಎಷ್ಟು ಉಜ್ಜುತ್ತಿದ್ದ ಅಂದರೆ, ಕೂತ ನೊಣ ಜಾರಿ ಬೀಳಬೇಕು. ಟೈರ್ ಕಡೆ ಮಾತ್ರ ಒಂದು ದಿನವೂ ಬಗ್ಗಿ ನೋಡಿದವನಲ್ಲ. ಉರುಳೋದು ಅದರ ಕೆಲಸ, ಉರುಳುತ್ತಿದೆ, ಮತ್ತೇನು ಅನ್ನೋ ಲೆಕ್ಕ.

ಅವನ ಹೆಂಡತಿ ಹುಲಿಗೆಮ್ಮ ಹೆರಿಗೆಗೆ ತವರಿಗೆ ಹೋಗಿದ್ದಳು. ಹೆಣ್ಣು ಮಗು. ಐದನೇ ತಿಂಗಳು ಬಿದ್ದ ಕೂಡಲೇ ತಾಯಿ ಮಗು ಇಬ್ಬರನ್ನೂ ಹಂಸನಲ್ಲೇ ಮನೆಗೆ ಕರೆತರಬೇಕು. ಅದೇ ಅವನ ದೊಡ್ಡ ಆಸೆ.

ತವರಿಗೆ ಹೋಗೋ ದಾರಿಯಲ್ಲಿ ಮುಚ್ಚಿಹೋದ ಒಂದು ಗಣಿ ಇತ್ತು. ಅದಿರು ತೆಗೆದು ತೆಗೆದು ಬಿಟ್ಟುಹೋದ ಗುಂಡಿ. ಒಳಗೆ ಮಳೆನೀರು ನಿಂತು ರಕ್ತದ ಬಣ್ಣ ಆಗಿತ್ತು. ಕಲ್ಲು ಎಸೆದರೆ ಬುಳುಂ ಅನ್ನೋದು ಕೇಳೋಕೆ ಸ್ವಲ್ಪ ಹೊತ್ತು ಕಾಯಬೇಕು. ರಸ್ತೆ ಆ ಗುಂಡಿಯ ಅಂಚಲ್ಲೇ ತಿರುಗುತ್ತಿತ್ತು. ಆ ತಿರುವಲ್ಲಿ ದಾದಾಪೀರನ ಪಂಕ್ಚರ್ ಅಂಗಡಿ.

ದಾದಾಪೀರ ಮನುಷ್ಯರ ಮುಖ ನೋಡುತ್ತಿದ್ದುದೇ ಕಮ್ಮಿ. ಅವನ ಕಣ್ಣು ಯಾವಾಗಲೂ ನೆಲದ ಮೇಲೆ. "ಈಗ ನರ್ಸಮ್ಮನ ಸ್ಕೂಟರ್ ಹೋತು, ಹಿಂದಿನ ಟೈರಿಗೆ ಗಾಳಿ ಕಮ್ಮಿ ಐತಿ" ಅಂತ ಮಣ್ಣು ನೋಡಿಯೇ ಹೇಳಿಬಿಡುತ್ತಿದ್ದ. ಅವನಿಗೆ ಇನ್ನೊಂದು ಚಾಳಿ. ಸವೆದು ಹೋದ ಟೈರನ್ನು ಬಿಚ್ಚಿದರೆ ಎಸೆಯುತ್ತಿರಲಿಲ್ಲ. ಗುಂಡಿಯ ಅಂಚಲ್ಲಿ ಅರ್ಧ ಹೂತು ನಿಲ್ಲಿಸುತ್ತಿದ್ದ. ಒಂದರ ಪಕ್ಕ ಒಂದು. ದೂರದಿಂದ ನೋಡಿದರೆ ನೆಲವೇ ಕರೀ ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು.

"ಏನ್ ಸಾಬ್ರೇ, ಟೈರಿಗೆಲ್ಲ ಸಮಾಧಿ ಕಟ್ಟಿಸಿದ್ದೀರಿ! ವರ್ಷಕ್ಕೊಮ್ಮೆ ತಿಥಿನೂ ಮಾಡ್ತೀರೇನು?" ಅಂತ ಓಬಳೇಶ ಛೇಡಿಸುತ್ತಿದ್ದ.

ದಾದಾಪೀರ ನಗುತ್ತಿರಲಿಲ್ಲ. ಸಾಲಿನ ಮಧ್ಯೆ ಒಂದು ಹೆಬ್ಬಾಗಿಲಷ್ಟು ಜಾಗ ಖಾಲಿ ಇತ್ತು. ಅದನ್ನು ತೋರಿಸಿ ಅನ್ನುತ್ತಿದ್ದ. "ಇನ್ನು ನಾಕೇ ನಾಕು ಬೇಕು ನೋಡಪ. ನಿನ್ನವು ಬಂದ್ರೆ ಸಾಲು ತುಂಬ್ತತಿ. ಟೈರ್ ಬದ್ಲು ಮಾಡು."

"ವ್ಯಾಪಾರ ಇಲ್ಲ ಅಂದ್ರೆ ಹಿಂಗಾ ಗಿರಾಕಿ ಹಿಡಿಯೋದು?" ಅಂತ ಓಬಳೇಶ ಹಾರ್ನ್ ಹೊಡೆದು ಹೊರಟುಬಿಡುತ್ತಿದ್ದ.

ಹೀಗಿರಲು ಮೊದಲ ಮಳೆ ಬಿತ್ತು. ಮಾರನೇ ದಿನ ಮಟಮಟ ಮಧ್ಯಾಹ್ನ. ಓಬಳೇಶ ತಿರುವಿನ ಹತ್ತಿರ ಕಾರು ನಿಲ್ಲಿಸಿ ಬೀಡಿ ಹಚ್ಚಿದ. ಸುಮ್ಮನೆ ಹಿಂದೆ ತಿರುಗಿ ನೋಡಿದ.

ಒದ್ದೆ ಕೆಂಪುಮಣ್ಣಲ್ಲಿ ಎಲ್ಲರ ಗುರುತೂ ಇತ್ತು. ನಾಯಿ ಹೋದ ಗುರುತು. ಮೇಕೆಯ ಗೊರಸು. ಯಾರದೋ ಹವಾಯಿ ಚಪ್ಪಲಿ. ಲಾರಿ ಟೈರಿನ ದಪ್ಪ ದಪ್ಪ ಅಚ್ಚು. ಹಂಸನ ಹಿಂದೆ ಮಾತ್ರ ಒಂದು ಗೆರೆಯೂ ಇಲ್ಲ, ಟೈರಿನ ಅಚ್ಚಿನ ಒಂದು ಹೂವೂ ಇಲ್ಲ. ಬರೀ ನುಣ್ಣನೆಯ ಎರಡು ಪಟ್ಟಿ. ಯಾರನ್ನೋ ಕಾಲು ಹಿಡಿದು ದರದರ ಎಳೆದುಕೊಂಡು ಹೋದ ಹಾಗೆ.

ಓಬಳೇಶನ ಕೈಯಿಂದ ಬೀಡಿ ಬಿತ್ತು. ಚಿಕ್ಕವನಿದ್ದಾಗ ಅವನ ಅಜ್ಜಿ ಹೇಳುತ್ತಿದ್ದಳು, ದೆವ್ವ ಊರೊಳಗೆ ನಡೆದರೂ ನೆಲದ ಮೇಲೆ ಹೆಜ್ಜೆ ಮೂಡಲ್ಲ ಅಂತ. ಓಡಿ ಹೋಗಿ ದಾದಾಪೀರನ ಕೈ ಹಿಡಿದುಕೊಂಡ.

"ಸಾಬ್ರೇ, ನನ್ನ ಕಾರಿಗೆ ಗುರುತೇ ಬೀಳವಲ್ದು!"

"ನಾ ಎರಡು ತಿಂಗ್ಳಿಂದ ನೋಡಾಕತ್ತೀನಿ" ಅಂದ ದಾದಾಪೀರ. "ಟೈರಿನ ಹೂವೆಲ್ಲ ಸವೆದು ಬೋಳಾಗೈತಿ. ಟೈರ್ ಬದ್ಲು ಮಾಡು ಅಂತ ಇನ್ನೆಷ್ಟು ಸಲ..."

ಓಬಳೇಶನ ಕಿವಿಗೆ ಎರಡು ತಿಂಗಳು ಅನ್ನೋದಷ್ಟೇ ಬಿತ್ತು. ಎರಡು ತಿಂಗಳಿಂದ ದೆವ್ವ ಫ್ರೀಯಾಗಿ ಓಡಾಡುತ್ತಿದೆ!

ಅವತ್ತಿಂದ ಅವನಿಗೆ ಎಲ್ಲ ಬೇರೆ ಥರ ಕಾಣತೊಡಗಿತು. ಕಾರು ಜೋರಾಗಿ ಹೋದರೆ ಕೆಳಗಿಂದ ಹೂಂ... ಅಂತ ಯಾರೋ ನರಳುತ್ತಿದ್ದರು. ಬ್ರೇಕ್ ಒತ್ತಿದರೆ ಕಾರು ತಕ್ಷಣ ನಿಲ್ಲುತ್ತಿರಲಿಲ್ಲ, ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳಿದ ಹಾಗೆ ಇನ್ನೊಂದು ಮಾರು ಮುಂದೆ ಹೋಗುತ್ತಿತ್ತು. ಒದ್ದೆ ರಸ್ತೆಯಲ್ಲಿ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ, ಹೋಗಲೋ ಬೇಡವೋ ಅಂತ ಕಾರು ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಹಿಂದಿನ ಸೀಟು ಖಾಲಿ ಇದ್ದಾಗ ಕನ್ನಡಿ ನೋಡೋಕೂ ಅವನಿಗೆ ಧೈರ್ಯ ಬರುತ್ತಿರಲಿಲ್ಲ. ನೋಡಿ ಅಲ್ಲಿ ಯಾರಾದರೂ ಇದ್ದುಬಿಟ್ಟರೆ?

ಅಂತ್ರದ ತಾಯಿತ ತಂದು ಸ್ಟೇರಿಂಗಿಗೆ ಕಟ್ಟಿದ. ಒಂದರ ಬದಲು ಮೂರು ಬೂದುಗುಂಬಳ ಒಡೆದ. ಚಪ್ಪಲಿ ಒಂದೇ ಇತ್ತಲ್ಲ, ಜೊತೆಯದ್ದನ್ನೂ ಹುಡುಕಿ ಕಟ್ಟಿದ. ಏನು ಮಾಡಿದರೂ ಗುರುತು ಬೀಳಲಿಲ್ಲ. ಟೈರ್ ವಿಚಾರ ತಲೆಗೆ ಬರಲಿಲ್ಲವಾ ಅಂತ ನೀವು ಕೇಳಬಹುದು. ಬಂತು. ಆದರೆ ಟೈರ್ ದುಬಾರಿ, ದೆವ್ವ ಬಿಡಿಸೋದು ಅಗ್ಗ. ಅದಕ್ಕೇ ಅವನಿಗೆ ದೆವ್ವದ ಮೇಲೇ ಜಾಸ್ತಿ ನಂಬಿಕೆ.

ಮಗು ಬರೋಕೆ ಎರಡು ದಿನ ಇತ್ತು. ಅಷ್ಟರಲ್ಲಿ ಪೇಟೆಯಲ್ಲಿ ಒಬ್ಬ ಸಿಕ್ಕ. ಬೋಳು ಟೈರಿಗೆ ಕಾಯಿಸಿದ ಬ್ಲೇಡಿನಿಂದ ಹೊಸ ಗೆರೆ ಕೊರೆದು, ಮೇಲೆ ಕರೀ ಪಾಲಿಶ್ ಬಳಿದು ಕೊಡುವವನು. ಅರ್ಧ ಗಂಟೆಯಲ್ಲಿ ನಾಲ್ಕೂ ಟೈರು ಮದುಮಗನ ಶೂ ಥರ ಹೊಳೆದವು. ಓಬಳೇಶ ಕಾರನ್ನು ಮಣ್ಣಿಗೆ ಇಳಿಸಿ ಹಿಂದೆ ತಿರುಗಿ ನೋಡಿದ. ಗುರುತು! ಚೆಂದನೆಯ ಗೆರೆ ಗೆರೆ ಗುರುತು!

ಸೀದಾ ದಾದಾಪೀರನ ಮುಂದೆ ತಂದು ನಿಲ್ಲಿಸಿದ. "ನೋಡ್ರಿ ಸಾಬ್ರೇ, ದೆವ್ವ ಓಡಿಹೋತು!"

ದಾದಾಪೀರ ಮಂಡಿಯೂರಿ ಕೂತ. ಗೆರೆಯೊಳಗೆ ಬೆರಳಿಟ್ಟ. ಅಲ್ಲಿ ರಬ್ಬರ್ ಇರಲಿಲ್ಲ, ಒಳಗಿನ ನೂಲು ಬೆರಳಿಗೆ ತಾಗಿತು.

"ಓಬಳೇಸ, ಇವು ಗೆರೆ ಅಲ್ಲಲೇ, ಗಾಯ. ಇದ್ದ ಒಂದೀಟು ರಬ್ಬರನ್ನೂ ಕೊಯ್ಸಿಕೊಂಡು ಬಂದೀಯಲ್ಲ! ನನ್ನ ಹತ್ರ ನಾಕು ಒಳ್ಳೇ ಟೈರ್ ಅದಾವ. ಇವತ್ತು ಹಾಕಿಸ್ಕೊ. ರೊಕ್ಕದ ಮಾತು ಆಮ್ಯಾಲೆ ಆಡೋಣು. ಕೂಸು ಕೂರ್ತತೆಪ ಇದ್ರಾಗೆ."

ಓಬಳೇಶ ಒಂದು ಕ್ಷಣ ಕೀಲಿಕೈ ಕೊಡೋಣ ಅಂತ ಕೈ ಮುಂದೆ ಮಾಡಿದ. ಆಮೇಲೆ ಮಣ್ಣಿನ ಮೇಲಿದ್ದ ಹೊಸ ಗುರುತು ಕಣ್ಣಿಗೆ ಬಿತ್ತು.

"ಗುರುತು ಬಿದ್ದಾವಲ್ರೀ, ಇನ್ನೇನು ಬೇಕು?" ಅಂತ ನಕ್ಕು ಹೊರಟುಹೋದ.

ಮಗುವನ್ನು ಕರೆತರುವ ದಿನ ಬಂತು. ಸಂಜೆಗೆ ಇನ್ನೂ ಹೊತ್ತಿತ್ತು, ಆದರೆ ಮೋಡ ಕವಿದು ರಸ್ತೆಯೆಲ್ಲ ಮಂಕು. ಸಣ್ಣ ಮಳೆ. ಹುಲಿಗೆಮ್ಮ ಹಿಂದಿನ ಸೀಟಲ್ಲಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡಿದ್ದಳು. ಗಣಿಯ ದಾರಿ ಹಿಡಿದಾಗ ಅವಳು ಕೇಳಿದಳು.

"ಏನ್ರೀ, ಯಾರೋ ಅಳಾಕತ್ತಾರಲ್ಲ?"

"ಕೂಸು ಇರಬೇಕು."

"ಕೂಸು ಮಲಗೈತಿ."

 ಹೂಂ... ಅನ್ನೋ ದನಿ ಕೆಳಗಿಂದ ಏರುತ್ತಾ ಬಂತು. ಈಗ ಅದರ ಜೊತೆಗೆ ಪಟ್ ಪಟ್ ಅಂತ ಬೇರೆ ಸದ್ದು. ಒಳಗಿಂದ ಯಾರೋ ಬೆರಳಲ್ಲಿ ಬಾಗಿಲು ತಟ್ಟಿದ ಹಾಗೆ. ತಿರುವು ಎದುರಿಗೆ ಬಂತು. ಓಬಳೇಶ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದ. ಕಾರು ಕೇಳಲಿಲ್ಲ.

ಢಂ!

ಹಿಂದಿನ ಟೈರು ಸಿಡಿಯಿತು. ಹಂಸ ಬುಗುರಿ ಹಾಗೆ ಅರ್ಧ ಸುತ್ತು ತಿರುಗಿ ಗುಂಡಿ ಕಡೆ ಜಾರಿತು. ಸಾಲಿನಲ್ಲಿ ಖಾಲಿ ಬಿಟ್ಟಿದ್ದ ಆ ಜಾಗ ಇತ್ತಲ್ಲ, ನಾಲ್ಕು ಟೈರಿನಷ್ಟು, ಸೀದಾ ಅದರ ಬಾಯಿಗೇ. ಹಿಂದಿನ ಎರಡು ಚಕ್ರ ಅಂಚು ದಾಟಿದವು. ಆಗ ಕಾರಿನ ತಳ ಪಕ್ಕದಲ್ಲೇ ಹೂತಿದ್ದ ಒಂದು ಹಳೇ ಟೈರಿಗೆ ಸಿಕ್ಕಿಕೊಂಡು ಗಕ್ಕನೆ ನಿಂತಿತು.

ಎಲ್ಲ ಸ್ತಬ್ಧ. ಹಿಂದಿನ ಚಕ್ರ ಗಾಳಿಯಲ್ಲಿ ತಾನೇ ತಾನಾಗಿ ತಿರುಗುತ್ತಿತ್ತು. ಒಂದು ಕಲ್ಲು ಜಾರಿತು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, ಬುಳುಂ.

"ಅಲುಗಾಡಬ್ಯಾಡ್ರಿ!" ಅಂತ ದಾದಾಪೀರ ಹಗ್ಗ ಹಿಡಿದು ಓಡಿ ಬಂದ. ಕಾರಿನ ಮೂತಿಯನ್ನು ಬೇವಿನ ಮರಕ್ಕೆ ಬಿಗಿದು ಕಟ್ಟಿದ. ಮೊದಲು ಮಗುವನ್ನು ಕಿಟಕಿಯಿಂದ ಇಸಿದುಕೊಂಡ. ಆಮೇಲೆ ಹುಲಿಗೆಮ್ಮ. ಆಮೇಲೆ ಓಬಳೇಶ. ಮಗು ಇಷ್ಟೆಲ್ಲ ಆದ ಮೇಲೆ ಆರಾಮಾಗಿ ಒಂದು ಆಕಳಿಕೆ ತೆಗೆಯಿತು.

ಓಬಳೇಶ ತಿರುಗಿ ರಸ್ತೆ ನೋಡಿದ. ಕೆಂಪುಮಣ್ಣಲ್ಲಿ ಸ್ವಲ್ಪ ದೂರ ಗೆರೆ ಗೆರೆ ಗುರುತು. ಆಮೇಲೆ ನುಣ್ಣನೆ ಪಟ್ಟಿ. ಆಮೇಲೆ ಗುಂಡಿ.

"ನನ್ನ ಕಾರನ್ನ ತಡೆದದ್ದು ಯಾರ ಟೈರು ಸಾಬ್ರೇ?" ಅಂದ.

"ನರ್ಸಮ್ಮನ ಅಣ್ಣಂದು. ಹೋದ ತಿಂಗ್ಳು ನಾ ಹೇಳಿದ್ದೆ, ಅವ ಅವತ್ತೇ ಬಿಚ್ಚಿಸಿದ."

ಹುಲಿಗೆಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಚಪ್ಪಲಿ ಕಾರಿಗೆ ಕಟ್ಟೀಯಲ್ಲ, ಅದು ಬೀಳಬೇಕಾಗಿದ್ದ ಜಾಗಾನೇ ಬ್ಯಾರೆ ಇತ್ತು" ಅಂದಳು.

ಓಬಳೇಶ ಮಾರನೇ ದಿನ ಕಾರನ್ನು ಮೇಲಕ್ಕೆ ಎಳೆಸಿ, ನಾಲ್ಕು ಟೈರನ್ನೂ ತನ್ನ ಕೈಯಾರೆ ಬಿಚ್ಚಿ, ದಾದಾಪೀರನ ಒಳ್ಳೇ ಟೈರ್ ಹಾಕಿಸಿಕೊಂಡ. ಹಳೇವನ್ನು ಆ ಖಾಲಿ ಜಾಗದಲ್ಲಿ ತಾನೇ ಗುಣಿ ತೋಡಿ ಹೂತ. ಸಾಲು ತುಂಬಿತು. ಈಗಲೂ ಮಳೆಗಾಳಿ ಬೀಸಿದರೆ ಆ ಹೂತ ಟೈರುಗಳ ಹೊಟ್ಟೆಯೊಳಗಿಂದ ಹೂಂ... ಅನ್ನೋ ದನಿ ಬರುತ್ತದೆ. ಅದನ್ನು ಕೇಳಿದವರು ಓಡಿಹೋಗಲ್ಲ. ಗಾಡಿ ನಿಲ್ಲಿಸಿ, ಬಗ್ಗಿ, ತಮ್ಮ ಟೈರಿನ ಗೆರೆಯೊಳಗೆ ಒಂದು ಸಲ ಬೆರಳಿಟ್ಟು ನೋಡುತ್ತಾರೆ.

ನೀತಿ: ಅಪಾಯ ಮೊದಲು ಗುರುತು ತೋರಿಸುತ್ತದೆ, ಆಮೇಲೆ ಬರುತ್ತದೆ. ಗುರುತನ್ನು ಮರೆಮಾಡಿದರೆ ಅಪಾಯ ಹೋಗಲ್ಲ, ನಮ್ಮ ಕಣ್ಣಿಗೆ ಕಾಣೋದಷ್ಟೇ ನಿಲ್ಲುತ್ತದೆ. ಸವೆದದ್ದಕ್ಕೆ ಬಣ್ಣ ಬಳಿಯಬೇಡಿ, ಬದಲಾಯಿಸಿ. ನಿಮ್ಮನ್ನು ಹೊತ್ತು ತಿರುಗೋದನ್ನು ಆಗಾಗ ಬಗ್ಗಿ ನೋಡಿ. ಬಗ್ಗಿದರೆ ಸೊಂಟವೇನೂ ಮುರಿಯಲ್ಲ.