ರೀಲಿನವನಿಗೆ ಬೆಲ್ಲ-ನೀರು

ಗದಗ ಸೀಮೆಯ ಒಂದು ಊರಿಗೆ ಕುಡಿಯಲು ಇದ್ದದ್ದು ಒಂದೇ ಕೆರೆ. ಚಪ್ಪಲಿ ಬಿಟ್ಟು ಇಳಿಯಬೇಕು, ಕೊಡ ತುಂಬಿಕೊಂಡು ಬರಬೇಕು, ಅಷ್ಟೇ. ಯಾರೋ ಅದರ ರೀಲು ಹಾಕಿದ್ದೇ ತಡ, ಊರೂರಿನ ಮಂದಿ ಬಂದು ಈಜಾಡಿ, ಬಾಟಲಿ ಎಸೆದು ಹೋದರು. ಆಮೇಲೆ ಎಂಟು ದಿನ ಊರೆಲ್ಲ ವಾಂತಿಭೇದಿ.

ಕೆರೆ ಕಾಯುವ ಫಕ್ಕೀರಪ್ಪನ ಸಿಟ್ಟು ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಚಿರಂತ ಎಂಬ ಇನ್ನೊಬ್ಬ ರೀಲಿನವನು ಮೊಬೈಲಿನಲ್ಲಿ ಲೈವ್ ಬಿಟ್ಟುಕೊಂಡೇ ಬಂದ.

“ಆಚೆ ಸರಿ ಅಜ್ಜಾ! ನಾನು ಕೆರೆಗೆ ಧುಮುಕೋದನ್ನ ನೋಡೋಕೆ ನಲವತ್ತು ಸಾವಿರ ಜನ ಕಾಯ್ತಿದಾರೆ. ನಿಮ್ಮೂರು ಫೇಮಸ್ ಆಗುತ್ತೆ.”

“ಆಗಲಿ ಸಾಹೇಬ್ರ. ಆದ್ರ ಊರಿಗೆ ಯಾರು ಬಂದ್ರೂ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ-ನೀರು ಕೊಡೋದು ನಮ್ಮ ಪದ್ಧತಿ.”

ಫಕ್ಕೀರಪ್ಪ ಬಕೆಟ್ಟಿನಲ್ಲಿ ನೀರು ತಂದಿಟ್ಟ. ಚಿರಂತ ಅದರೊಳಗೇ ಕಾಲಿಟ್ಟು ತೊಳೆದುಕೊಂಡ. ಫಕ್ಕೀರಪ್ಪ ಅದೇ ಬಕೆಟ್ಟಿಗೆ ಲೋಟ ಅದ್ದಿ, ಬೆಲ್ಲದ ಜೊತೆ ಮುಂದೆ ಹಿಡಿದ.

“ಥೂ! ಕಾಲು ತೊಳೆದ ನೀರು ಕುಡೀಬೇಕಾ?”

“ನಿಮ್ಮ ಕಾಲಿನ ನೀರು ನಿಮಗ ಹೇಸಿಗಿ. ನೀವು ಮೈಪೂರ್ತಿ ಅದ್ದಿದ ನೀರು ನಮ್ಮ ಮಕ್ಕಳು ಕುಡೀಬೇಕೇನು?”

ಚಿರಂತನ ಮೊಬೈಲಿನ ಪರದೆಯ ಮೇಲೆ ಲೈವ್ ನೋಡುತ್ತಿದ್ದವರ ಕಾಮೆಂಟು ಸಾಲುಸಾಲಾಗಿ ಬರತೊಡಗಿತು: “ಕುಡಿ ಅಣ್ಣಾ, ಕುಡಿ!”