ಊಟ ಬಿಟ್ಟ ಗಿಳಿಸೊಸೆ

ಗುಂಜಿಗಡದ ದೊರೆ ಕೆಂಚಪ್ಪ ನಾಯಕರಿಗೆ ಮೀಸೆ ಎಷ್ಟು ದೊಡ್ಡದೋ ಹಟವೂ ಅಷ್ಟೇ ದೊಡ್ಡದು. ತಮ್ಮ ಮುದ್ದಿನ ಗಂಡುಗಿಳಿ ರಾಜಣ್ಣನಿಗೆ ಹೆಣ್ಣು ಹುಡುಕುತ್ತಿದ್ದರು. ಎಣ್ಣೆಗಾಣದ ಈರವ್ವ ಮರಿಯಿಂದ ಸಾಕಿದ್ದ ಹೆಣ್ಣುಗಿಳಿ ಸಿಂಗಾರಿ ಕಣ್ಣಿಗೆ ಬಿದ್ದಳು. ಕೇಳುವುದೇನು, ಹೇಳುವುದೇನು, ಪಲ್ಲಕ್ಕಿ ಕಳಿಸಿ ಹೊತ್ತು ತಂದೇಬಿಟ್ಟರು.

ತುಂಬಿದ ಸಭೆಯಲ್ಲಿ ಮೀಸೆ ತಿರುವುತ್ತಾ ಸಾರಿದರು: "ಇವಳು ಇಂದಿನಿಂದ ಅರಮನೆಯ ಸೊಸೆ. ಸೊಸೆಗೆ ಏನೇನು ಸಂಪ್ರದಾಯ ಉಂಟೋ ಎಲ್ಲವೂ ನಡೆಯಬೇಕು. ಒಂದು ತಪ್ಪಿದರೂ, ತಪ್ಪಿದವನ ಅರ್ಧ ಮೀಸೆ ಬೋಳಿಸುತ್ತೇನೆ."

ರಾಣಿಯವರೇ ಆರತಿ ಎತ್ತಿದರು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟರು. ಸಿಂಗಾರಿ ಅದನ್ನು ಒದೆಯಲಿಲ್ಲ, ಒಂದು ಕಾಳು ಕುಕ್ಕಿ ತಿಂದಳು. ಅರಮನೆಯಲ್ಲಿ ಅವಳು ತಿಂದದ್ದು ಅಷ್ಟೇ. ಪನ್ನೀರ ಸ್ನಾನ ಆಯಿತು, ಚಿನ್ನದ ಪಂಜರ ಆಯಿತು, ಬಾದಾಮಿ ಹಾಲು ಆಯಿತು. ಯಾವುದನ್ನೂ ಮೂಸಿ ನೋಡದೆ ಮೂಲೆಗೆ ಮುಖಮಾಡಿ ಕೂತಳು. ರೆಕ್ಕೆ ಜೋತುಬಿತ್ತು.

ಆಸ್ಥಾನದ ಮಾತುಗಾರ ಪಾಯಣ್ಣನನ್ನು ಈರವ್ವ ಕೋಟೆ ಬಾಗಿಲಲ್ಲಿ ಹಿಡಿದಳು. "ಅಪ್ಪಾ, ಪಕ್ಕದಲ್ಲಿ ಕೂತು ಮಾತಾಡ್ತಾ ಇದ್ರೇನೇ ಅದು ತಿನ್ನೋದು. ಹಿಂಗೇ ಬಿಟ್ರೆ ಹಸಿದು ಸತ್ತೋಗ್ತದೆ."

ಪಾಯಣ್ಣ ನೇರ ಹೋಗಿ ದೊರೆಯನ್ನು ಕೇಳಿದ.

"ನನಗೇನು ಸಂಕಟವಿಲ್ಲವೇ?" ಎಂದರು ನಾಯಕರು. "ಆದರೆ ಮನೆ ತುಂಬಿಸಿಕೊಂಡ ಸೊಸೆಯನ್ನು ವಾಪಸ್ ಕಳಿಸಿದರೆ ನಾಲ್ಕು ಜನ ಏನಂದಾರು? ಆಗದು."

ಮರುದಿನ ಬೆಳಿಗ್ಗೆ ಪಾಯಣ್ಣ ಅರಮನೆಯ ಕ್ಷೌರಿಕನನ್ನು ಜೊತೆಗೇ ಕರೆದುಕೊಂಡು ಸಭೆಗೆ ಬಂದ.

"ಇದೇನಯ್ಯಾ, ಯಾರ ಮೀಸೆಗೆ ಬಂತು?"

"ಅದನ್ನೇ ಕೇಳೋಣ ಅಂತ ಬಂದೆ, ದೊರೆಗಳೇ. ಇವತ್ತಿಗೆ ಆಷಾಢ ಹಿಡಿಯಿತು. ಹೊಸ ಸೊಸೆ ಇನ್ನೂ ಅತ್ತೆಯ ಜೊತೆ ಒಂದೇ ಸೂರಿನಡಿ ಇದ್ದಾಳೆ. ಸಂಪ್ರದಾಯ ತಪ್ಪಿತು. ಅವಳನ್ನು ತವರಿಗೆ ಕಳಿಸಬೇಕಾದವರು ಮನೆಯ ಯಜಮಾನರು. ಈ ಮನೆಗೆ ಯಜಮಾನರು ಯಾರು ಅಂತ ತಾವೇ ಹೇಳಬೇಕು."

ಕ್ಷೌರಿಕ ಕತ್ತಿ ಮಸೆಯತೊಡಗಿದ. ನಾಯಕರ ಕೈ ತಾನಾಗಿಯೇ ಮೀಸೆಯನ್ನು ಮುಚ್ಚಿಕೊಂಡಿತು.

"ಪಲ್ಲಕ್ಕಿ ತನ್ನಿರೋ," ಎಂದರು.

ಸಂಜೆಗೆ ಸಿಂಗಾರಿ ಗಾಣದ ಪಕ್ಕ ಈರವ್ವನ ಅಂಗೈಯಿಂದ ಎಳ್ಳು ಹೆಕ್ಕುತ್ತಿದ್ದಳು. ಈರವ್ವ ಅಳುತ್ತಲೇ ಊರ ಸುದ್ದಿಯನ್ನೆಲ್ಲ ಅವಳಿಗೆ ಹೇಳಿದಳು.

ಶ್ರಾವಣ ಬಂತು. "ಸೊಸೆಯನ್ನು ಕರೆತನ್ನಿ," ಎಂದರು ನಾಯಕರು.

"ಕರೆತರಲು ಗಂಡನೇ ಹೋಗಬೇಕಲ್ಲವೇ, ದೊರೆಗಳೇ?" ಎಂದ ಪಾಯಣ್ಣ.

ಸರಿ, ಪಂಜರದಲ್ಲಿ ಕೂತು ರಾಜಣ್ಣ ಪಾಯಣ್ಣನ ಜೊತೆ ಹೊರಟ. ಪಾಯಣ್ಣ ತಿರುಗಿ ಬಂದಾಗ ಪಂಜರ ಖಾಲಿ.

"ಎಲ್ಲಯ್ಯಾ ನಮ್ಮ ಹುಡುಗ?"

"ಬಾಗಿಲು ತೆಗೆದು, ಹೆಂಡತಿಯನ್ನು ಕರೆದುಕೊಂಡು ಬಾರಪ್ಪಾ ಅಂದೆ. ಎಳ್ಳಿನ ರುಚಿ ನೋಡಿದ, ಅತ್ತೆಯ ಮಾತು ಕೇಳಿದ, ಅಲ್ಲೇ ಕೂತುಬಿಟ್ಟ. ಮನೆ ಅಳಿಯ ಆಗಿದ್ದಾನೆ."

ನಾಯಕರು ಹಣೆ ಚಚ್ಚಿಕೊಂಡರು. "ಸೊಸೆಯೂ ಹೋದಳು, ಮಗನೂ ಹೋದ. ಇಷ್ಟೆಲ್ಲ ಮಾಡಿ ನನಗೆ ಉಳಿದದ್ದೇನಯ್ಯಾ?"

"ಬೀಗಿತ್ತಿ ಉಳಿದಳಲ್ಲ, ದೊರೆಗಳೇ. ಹಬ್ಬದೂಟಕ್ಕೆ ತಮ್ಮನ್ನು ಕರೆದಿದ್ದಾಳೆ. ಹೊಟ್ಟೆ ತುಂಬ ಊಟ ಮಾಡಬಹುದಂತೆ. ಹೋಗುವಾಗ ಮಾತ್ರ, ಕೇಳದೆ ಏನನ್ನೂ ಹೊತ್ತುಕೊಂಡು ಹೋಗಬಾರದಂತೆ."

ನಾಯಕರ ಮೀಸೆ ಮೊದಲು ಅದುರಿತು, ಆಮೇಲೆ ಹೊಟ್ಟೆ ಕುಣಿಯಿತು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಹೆಗಲ ಶಾಲನ್ನು ಪಾಯಣ್ಣನಿಗೆ ಹೊದಿಸಿ, ಬೀಗಿತ್ತಿಯ ಮನೆಗೆ ಹೊರಟರು.